7 ಸಾವಿರದ ಆ್ಯಪ್ ಮತ್ತು ಜೆರಾಕ್ಸ್ ಅಂಗಡಿಯ ನೋಟ್ಸ್

ನಮ್ಮ ಕಡೆ ಯಾರ ಮನೆ ಹುಡುಗಿ ನರ್ಸಿಂಗ್ ಸೇರಿದರೂ ಮೊದಲ ಫೋನ್ ನನಗೇ ಬರುತ್ತದೆ. ಕಾಲೇಜು ಯಾವುದು ಒಳ್ಳೇದು, ಹಾಸ್ಟೆಲ್ ಊಟ ಹೇಗೆ, ಯೂನಿಫಾರ್ಮ್ ಎಲ್ಲಿ ಹೊಲಿಸೋದು. ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್ ಆಗಿರುವವಳಿಗೆ ಇದೆಲ್ಲ ಮಾಮೂಲು. ಈಚೆಗೆ ಈ ಪಟ್ಟಿಗೆ ಹೊಸದೊಂದು ಸೇರಿದೆ. "ಆನ್‌ಲೈನಲ್ಲಿ ಓದೋ ಆ್ಯಪ್ ಇದೆಯಂತಲ್ಲ, ಅದನ್ನ ತೆಗೆಸಿಕೊಡಬೇಕಾ?"

ಈ ಸಲ ಕೇಳಿದವರು ನಮ್ಮ ಭಾವ. ತೀರ್ಥಹಳ್ಳಿ ಕಡೆ ಅವರದು ಸ್ವಲ್ಪ ಅಡಿಕೆ ತೋಟ. ಮಗಳು ಇಲ್ಲೇ ಶಿವಮೊಗ್ಗದಲ್ಲಿ ಬಿಎಸ್ಸಿ ನರ್ಸಿಂಗ್, ಈಗ ಮೂರನೇ ಸೆಮಿಸ್ಟರ್. "ವರ್ಷಕ್ಕೆ 7,200 ಅಂತೆ. ಫೀಸು ಕಟ್ಟಿದೀವಿ, ಹಾಸ್ಟೆಲಿಗೆ ಕಟ್ಟಿದೀವಿ, ಇದೊಂದಕ್ಕೆ ಯಾಕೆ ಹಿಂದೆಮುಂದೆ ನೋಡೋದು? ಹಾಕಿಬಿಡ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳು" ಅಂದರು. ಒಂದೇ ಮಾತಲ್ಲಿ ಹೇಳೋಕೆ ನನಗಾಗಲಿಲ್ಲ. ಭಾನುವಾರ ಹುಡುಗಿಯನ್ನ ಮನೆಗೆ ಕರೆದೆ. ಅವಳು ಫ್ರೀ ಟ್ರಯಲ್ ಹಾಕಿಕೊಂಡಿದ್ದಳು. ಇಬ್ಬರೂ ಕೂತು ನೋಡಿದೆವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ, ನಾವು ಓದಲಿಲ್ವಾ?" ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡುವಾಗ ಆ್ಯಪ್ ಇರಲಿಲ್ಲ, ನಿಜ. ಆದರೆ ಆಗ ಫೇಲ್ ಆದವರೂ ಬೇಕಾದಷ್ಟು ಜನ ಇದ್ದರು. ಅವರಿಗೆ ಯಾರಾದರೂ ಒಂದು ಒಳ್ಳೆ ಪ್ರಶ್ನೆ ಕೇಳಿ, ಉತ್ತರ ಯಾಕೆ ತಪ್ಪಾಯಿತು ಅಂತ ಬಿಡಿಸಿ ಹೇಳಿದ್ದರೆ ಅರ್ಧ ಜನ ಪಾಸಾಗುತ್ತಿದ್ದರು.

ಟ್ರಯಲ್ ತೆರೆದು ನೋಡುವಾಗ ನನಗೆ ಮೊದಲು ಬಂದ ಅನುಮಾನ: ಇದು ಯಾವ ಪರೀಕ್ಷೆಗೆ? ಮಾರುವವರು ಇದನ್ನ ಬಿಡಿಸಿ ಹೇಳೋದಿಲ್ಲ. "ನರ್ಸಿಂಗ್ ವಿದ್ಯಾರ್ಥಿಗಳಿಗೆ" ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅಷ್ಟೇ. ನರ್ಸಿಂಗ್ ವಿದ್ಯಾರ್ಥಿಗಳು ಬರೆಯೋದು ಒಂದೇ ಪರೀಕ್ಷೆಯಲ್ಲ. ನಮ್ಮ ಹುಡುಗಿ ಬರೆಯೋದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಸಿಲಬಸ್ ಬದಲಿಸಿ ವರ್ಷದ ಪರೀಕ್ಷೆ ತೆಗೆದು ಸೆಮಿಸ್ಟರ್ ತಂದಿತು. ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರ್. ಮುಖ್ಯ ವಿಷಯಗಳಿಗೆ ಥಿಯರಿಯಲ್ಲಿ 75 ಅಂಕ ವಿಶ್ವವಿದ್ಯಾಲಯದ್ದು, 25 ಇಂಟರ್ನಲ್. ಪ್ರಶ್ನೆಪತ್ರಿಕೆಯಲ್ಲಿ ದೀರ್ಘ ಉತ್ತರ, ಟಿಪ್ಪಣಿ, ಎರಡು ಸಾಲಿನ ಉತ್ತರ ಎಲ್ಲವನ್ನೂ ಕೈಯಲ್ಲಿ ಬರೆಯಬೇಕು. ಹೃದಯ ವೈಫಲ್ಯದ ರೋಗಿಗೆ ನರ್ಸಿಂಗ್ ಆರೈಕೆ ವಿವರಿಸಿ ಅಂದರೆ ಪುಟಗಟ್ಟಲೆ ಬರೆಯಬೇಕಾಗುತ್ತದೆ. ಎ, ಬಿ, ಸಿ, ಡಿ ಅಂತ ಬೆರಳು ಒತ್ತಿ ಅಭ್ಯಾಸ ಆದವಳ ಮುಂದೆ ಖಾಲಿ ಹಾಳೆ ಇಟ್ಟರೆ ಕೈ ಓಡೋದಿಲ್ಲ.

ಅವಳು ತೋರಿಸಿದ ಆ್ಯಪ್ ತಯಾರಾಗಿದ್ದು ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಗೆ. ಅಲ್ಲಿ ನರ್ಸ್ ಲೈಸೆನ್ಸ್ ಸಿಗಬೇಕಾದರೆ ಬರೆಯಬೇಕಾದ ಪರೀಕ್ಷೆ ಅದು. ಪೂರ್ತಿ ಕಂಪ್ಯೂಟರಿನಲ್ಲಿ. 2023ರ ಏಪ್ರಿಲಿನಿಂದ ರೋಗಿಯ ಕೇಸ್ ಕೊಟ್ಟು ಅದರ ಮೇಲೆ ಸಾಲಾಗಿ ಪ್ರಶ್ನೆ ಕೇಳುವ ಹೊಸ ರೀತಿಯೂ ಸೇರಿದೆ. ಪರೀಕ್ಷೆ ಒಳ್ಳೇದೇ. ನಾಳೆ ಅಮೆರಿಕಕ್ಕೆ ಹೋಗುವವರಿಗೆ ಬೇಕೇ ಬೇಕು. ಆದರೆ ಅಲ್ಲಿ ನಮ್ಮ ಪ್ಯಾರಾಸಿಟಮಾಲ್ ಅಸಿಟಮಿನೋಫೆನ್ ಆಗಿರುತ್ತದೆ. ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್. ಮಗುವಿನ ತೂಕ ಪೌಂಡಿನಲ್ಲಿ ಕೊಟ್ಟಿರುತ್ತಾರೆ, ಮೊದಲು 2.2ರಿಂದ ಭಾಗಿಸಿ ಕೆಜಿಗೆ ತರಬೇಕು. ಇಷ್ಟಾದರೆ ಹೇಗೋ ಕಲಿತುಕೊಳ್ಳಬಹುದು. ದೊಡ್ಡ ತೊಡಕು ಬೇರೆ ಇದೆ. ಈ ಕೆಲಸವನ್ನ ನೀನೇ ಮಾಡುತ್ತೀಯೋ, ನಿನ್ನ ಕೆಳಗಿನ ಲೈಸೆನ್ಸ್ ಇರುವ ಪ್ರಾಕ್ಟಿಕಲ್ ನರ್ಸಿಗೆ ಕೊಡುತ್ತೀಯೋ, ಸಹಾಯಕಿಗೆ ಹೇಳುತ್ತೀಯೋ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ನಮ್ಮ ವಾರ್ಡಿನಲ್ಲಿ ಆ ಮೂರು ಮೆಟ್ಟಿಲೇ ಇಲ್ಲ. ಒಂದು ಪಾಳಿಗೆ ಎಷ್ಟು ಜನ ಇದ್ದೇವೆ ಅನ್ನೋದೇ ಇಲ್ಲಿ ಪ್ರಶ್ನೆ, ಅಲ್ವಾ?

"ಹಾಗಾದ್ರೆ ಇದನ್ನ ನೋಡು ಚಿಕ್ಕಿ" ಅಂತ ಇನ್ನೊಂದು ತೆಗೆದಳು. ಅದು ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಯದು. 2020ರಲ್ಲಿ ಶುರುವಾದ ಪರೀಕ್ಷೆ. ಕೇಂದ್ರದ ಏಮ್ಸ್ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ ಸಿಗೋದು ಇದರಿಂದಲೇ, ಹಾಗಾಗಿ ಆಸೆ ಸಹಜ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಟ್. ಪಾಠ ಮಾಡುವವರು ಹಿಂದಿಯಲ್ಲಿ, ಪ್ರಶ್ನೆ ಇಂಗ್ಲಿಷಿನಲ್ಲಿ. ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿ ಬಂದವಳಿಗೆ ಎರಡು ಭಾಷೆ ದಾಟಿ ಪೇಥಾಲಜಿ ತಲುಪಬೇಕು. ಅದೆಲ್ಲ ಇರಲಿ, ಈ ಪರೀಕ್ಷೆಗೆ ಕೂರೋದು ಡಿಗ್ರಿ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದ ಮೇಲೆ. ಮೂರನೇ ಸೆಮಿಸ್ಟರಿನಲ್ಲಿ ಅದಕ್ಕೆ ದುಡ್ಡು ಹಾಕಿದರೆ, ಬೇಕಾಗುವ ಹೊತ್ತಿಗೆ ಸಬ್‌ಸ್ಕ್ರಿಪ್ಷನ್ ಮುಗಿದಿರುತ್ತದೆ.

ಇಷ್ಟು ಹೇಳಿದ ಮೇಲೆ ಬೇಡ ಅಂದುಬಿಡಬಹುದಿತ್ತು. ಅಷ್ಟರಲ್ಲಿ ಅವಳು ಮೊದಲ ಆ್ಯಪಿನಲ್ಲಿ ಫಾರ್ಮಕಾಲಜಿಯ ಒಂದು ಪ್ರಶ್ನೆ ತೆಗೆದಳು. ರೋಗಿ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಜೊತೆಗೆ ಫ್ಯುರೋಸಮೈಡ್ ಕೂಡ ಇದೆ. ಬೆಳಿಗ್ಗೆಯ ಮಾತ್ರೆ ಕೊಡುವ ಮೊದಲು ನೋಡಿದರೆ ನಾಡಿ 52. ನೀನು ಏನು ಮಾಡುತ್ತೀಯ?

ಅವಳು "ಡಾಕ್ಟರಿಗೆ ಹೇಳ್ತೀನಿ, ಮಾತ್ರೆ ಕೊಟ್ಟು" ಅಂದಳು. ತಪ್ಪು ಅಂತ ಕೆಂಪು ಗೆರೆ ಬಂತು. ಕೆಳಗೆ ವಿವರಣೆ ಇತ್ತು. ಡಿಗಾಕ್ಸಿನ್ ಹೃದಯದ ಬಡಿತ ನಿಧಾನ ಮಾಡುವ ಔಷಧಿ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಆ ಡೋಸ್ ತಡೆಹಿಡಿದು ಡಾಕ್ಟರಿಗೆ ತಿಳಿಸಬೇಕು. ಫ್ಯುರೋಸಮೈಡ್ ಮೂತ್ರದ ಜೊತೆ ಪೊಟ್ಯಾಷಿಯಂ ಹೊರಗೆ ಹಾಕುತ್ತದೆ. ಪೊಟ್ಯಾಷಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗುವ ಅಪಾಯ ಜಾಸ್ತಿ. ಹಾಗಾಗಿ ರಕ್ತದ ರಿಪೋರ್ಟಿನಲ್ಲಿ ಪೊಟ್ಯಾಷಿಯಂ ನೋಡು, ವಾಂತಿ ಅಥವಾ ಕಣ್ಣು ಮಂಜಾಗುವುದು ಇದೆಯಾ ಕೇಳು. ಉಳಿದ ಮೂರು ಆಯ್ಕೆ ಯಾಕೆ ಸರಿಯಲ್ಲ ಅನ್ನೋದಕ್ಕೂ ಒಂದೊಂದು ಸಾಲು.

ನೋಟ್ಸಿನಲ್ಲಿ ಡಿಗಾಕ್ಸಿನ್ ಒಂದು ಪುಟದಲ್ಲಿರುತ್ತದೆ, ಫ್ಯುರೋಸಮೈಡ್ ಹತ್ತು ಪುಟ ಆಚೆ. ಎರಡೂ ಒಂದೇ ರೋಗಿಯ ಹೊಟ್ಟೆಗೆ ಹೋಗುತ್ತವೆ ಅಂತ ನೋಟ್ಸಿಗೆ ಗೊತ್ತಿರುವುದಿಲ್ಲ. ಈ ಪ್ರಶ್ನೆ ಬರೆದವರಿಗೆ ಗೊತ್ತಿತ್ತು. ನನಗೆ ದುಡ್ಡು ಕೊಡಬೇಕು ಅನ್ನಿಸಿದ್ದು ಅಲ್ಲೇ. ಔಷಧಿಯ ಹೆಸರು ದೇಶದಿಂದ ದೇಶಕ್ಕೆ ಬದಲಾದರೂ ಪೊಟ್ಯಾಷಿಯಂ ಬದಲಾಗೋದಿಲ್ಲವಲ್ಲ. ಆ ಮಧ್ಯಾಹ್ನ ಅವಳು ಆ ಪ್ರಶ್ನೆಯನ್ನೇ ಹಿಡಿದುಕೊಂಡು ಕೂತಳು. "ಕೊಡದೇ ಇದ್ರೆ ಚಾರ್ಟಿನಲ್ಲಿ ಏನು ಬರೀಬೇಕು ಚಿಕ್ಕಿ?" ಅಂತ ಕೇಳಿದಾಗ ನನಗೆ ಖುಷಿಯಾಯಿತು. ಆ್ಯಪ್ ಕೇಳದ ಪ್ರಶ್ನೆ ಅದು.

ಅದೇ ಆ್ಯಪಿನಲ್ಲಿ ನೂರಾರು ಗಂಟೆಯ ವಿಡಿಯೊ ಕೂಡ ಇತ್ತು. 7,200ರಲ್ಲಿ ದೊಡ್ಡ ಪಾಲು ಅದಕ್ಕೇ. ಭಾವನಿಗೆ ಇಷ್ಟವಾದದ್ದೂ ಅದೇ. "ಮನೆಯಲ್ಲೇ ಕೂತು ಮೇಷ್ಟ್ರ ಪಾಠ ಕೇಳಬಹುದಲ್ಲ" ಅಂದರು ಫೋನಿನಲ್ಲಿ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಕಾರಣ ಇದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಓದಲು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು. ಉಳಿದವರಿಗೆ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ವಿಡಿಯೊ ನೋಡುವಾಗ ಎಲ್ಲ ಗೊತ್ತಾಗುತ್ತಿದೆ ಅನ್ನಿಸುತ್ತದೆ. ಅದು ಐದು ನಿಮಿಷದ ಗೊತ್ತಾಗುವಿಕೆ.

ಇದನ್ನ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಂದ್ರೆ ಕೊನೆಗೌಡ ಮರ ಹತ್ತೋದನ್ನ ಕೆಳಗೆ ನಿಂತು ನೋಡಿದಂಗೆ ಅನ್ನು" ಅಂದರು. ಕೊನೆಗೌಡ ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಪಾಠ ಬೇಕೇ ಬೇಕು ಅಂದರೆ ಯೂಟ್ಯೂಬಿನಲ್ಲಿ ಸುಮ್ನೆ ಸಿಗುವಷ್ಟು ಇದೆ. ಅದಕ್ಕೆ ದುಡ್ಡು ಕೊಡೋದು ಯಾಕೆ?

ಸುಮ್ನೆ ಸಿಗುವ ಬೇರೆ ಸಾಮಾನೂ ಇದೆ. ಹುಡುಗಿಯರು ಅದನ್ನ ಹುಡುಕದೇ ನೇರ ಆ್ಯಪಿಗೆ ಹೋಗುತ್ತಾರೆ ಅನ್ನೋದು ನನ್ನ ತಕರಾರು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಹಳೆಯ ಪ್ರಶ್ನೆಪತ್ರಿಕೆಗಳಿವೆ. ಹೊಸ ಸಿಲಬಸ್ಸಿನವನ್ನು ಮಾತ್ರ ಆರಿಸಿಕೊಳ್ಳಬೇಕು, ಅಷ್ಟೇ. ಸಂಯೋಜಿತ ಕಾಲೇಜುಗಳಿಗಾಗಿ ವಿಶ್ವವಿದ್ಯಾಲಯ ನಡೆಸುವ ಹೆಲಿನೆಟ್ ಎಂಬ ಡಿಜಿಟಲ್ ಲೈಬ್ರರಿ 2003ರಿಂದ ಇದೆ. ಲಾಗಿನ್ ಕೊಡಿ ಅಂತ ಕಾಲೇಜಿನ ಲೈಬ್ರರಿಯನ್ ಅವರನ್ನ ಕೇಳಿದ್ದೀಯಾ ಅಂದರೆ ಇವಳು ಕಣ್ಣು ಬಿಟ್ಟಳು. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ಲಿನಲ್ಲಿ ಕೋರ್ಸ್ ಕಲಿಯೋಕೆ ಕಾಸು ಬೇಡ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಫೀಸು. ಓಪನ್‌ಸ್ಟ್ಯಾಕ್ಸ್ ಅನ್ನುವವರು ಅನಾಟಮಿ ಮತ್ತು ಫಿಸಿಯಾಲಜಿಯ ಇಡೀ ಪುಸ್ತಕವನ್ನ ಉಚಿತ ಪಿಡಿಎಫ್ ಮಾಡಿ ಇಟ್ಟಿದ್ದಾರೆ. 2024ರಲ್ಲಿ ನರ್ಸಿಂಗ್‌ದೇ ಒಂದು ಸಾಲು ಪುಸ್ತಕ ತಂದರು, ಫಾರ್ಮಕಾಲಜಿಯೂ ಅದರಲ್ಲಿದೆ. ಅಮೆರಿಕದ್ದೇ ಇದೂ, ಮೇಲೆ ಹೇಳಿದ ತೊಡಕೂ ಇರುತ್ತದೆ. ಆದರೆ ಕಾಸಿಲ್ಲದೆ ಬಂದದ್ದಕ್ಕೆ ಅಷ್ಟು ಮುಖ ಸಿಂಡರಿಸಬೇಕಾಗಿಲ್ಲ.

ಇನ್ನು ನಮ್ಮ ಜೆರಾಕ್ಸ್ ಅಂಗಡಿ. ಯಾವ ನರ್ಸಿಂಗ್ ಕಾಲೇಜಿನ ಹತ್ತಿರ ಹೋದರೂ ಒಂದು ಇರುತ್ತದೆ. ಸೀನಿಯರ್ಸ್ ಬರೆದ ನೋಟ್ಸ್, ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹಾಳೆ. ಅಂಗಡಿಯವರಿಗೆ ಯಾವ ಸೆಮಿಸ್ಟರಿಗೆ ಯಾವ ಕಟ್ಟು ಅಂತ ಬಾಯಿಪಾಠ. ನಾನು ಇದನ್ನ ತಳ್ಳಿಹಾಕೋದಿಲ್ಲ. ನಮ್ಮ ಪರೀಕ್ಷೆಗೆ ಎಷ್ಟು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕು, ಎಲ್ಲಿ ಚಿತ್ರ ಬಿಡಿಸಬೇಕು ಅನ್ನೋದು ಆ ನೋಟ್ಸಿನಷ್ಟು ಚೆನ್ನಾಗಿ ಯಾವ ಆ್ಯಪಿಗೂ ಗೊತ್ತಿಲ್ಲ. ಆದರೆ ಒಬ್ಬಳು ತಪ್ಪು ಬರೆದರೆ ಅದು ಹತ್ತು ಬ್ಯಾಚಿಗೆ ಹರಿದುಬರುತ್ತದೆ. ಡೋಸ್ ಇರುವ ಪುಟವನ್ನ ಮಾತ್ರ ಪಠ್ಯಪುಸ್ತಕ ಪಕ್ಕಕ್ಕಿಟ್ಟು ತಾಳೆ ನೋಡು ಅಂತ ಅವಳಿಗೆ ಹೇಳಿದ್ದೇನೆ.

ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಪುಸ್ತಕಗಳ ಪಿಡಿಎಫ್ ಬಗ್ಗೆಯೂ ಎರಡು ಮಾತು. ಅದು ಕದ್ದ ಮಾಲು ಅನ್ನೋದು ಒಂದು ಕಡೆ. ಯಾವ ಕಾಲದ ಮಾಲು ಅಂತ ಗೊತ್ತಾಗೋದಿಲ್ಲ ಅನ್ನೋದು ಇನ್ನೊಂದು ಕಡೆ. ಮೊದಲ ಪುಟ ಹರಿದುಹೋದ ಪುಸ್ತಕದ ಸ್ಕ್ಯಾನ್ ಬರುತ್ತದೆ. ಹೃದಯ ನಿಂತವರಿಗೆ ಮಾಡುವ ಸಿಪಿಆರ್ ವಿಷಯವನ್ನೇ ನೋಡಿ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಆಮೇಲೆ ಎದೆ ಒತ್ತುವುದು ಅಂತ ಕಲಿಸುತ್ತಿದ್ದರು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನ ತಿರುಗಿಸಿ, ಮೊದಲು ಎದೆ ಒತ್ತಿ ಅಂದಿತು. ಹಳೆಯ ಪಿಡಿಎಫ್ ಓದಿದವಳು ಪರೀಕ್ಷೆಯಲ್ಲೂ ಹಳೆಯದನ್ನೇ ಬರೆಯುತ್ತಾಳೆ. ವಾರ್ಡಿನಲ್ಲಿ ಹಾಗೆ ಮಾಡಿದರೆ ಕತೆ ಏನು?

ಯಾವ ಆ್ಯಪೂ ಕೊಡದ ಒಂದು ಪಾಠ ನಮ್ಮ ಜಿಲ್ಲೆಯಲ್ಲಿದೆ. ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ), ನಾವು ಮಂಗನ ಕಾಯಿಲೆ ಅನ್ನೋದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುವುದನ್ನ ನೋಡಿ ಈ ವೈರಸ್ ಪತ್ತೆ ಮಾಡಿದರು. ಆ ಹೆಸರಲ್ಲೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಯ ಊರೊಂದು ಕೂತಿದೆ. ಟ್ರಯಲ್ಲಿನಲ್ಲಿ ಹುಡುಕಿದೆವು. ಉಣುಗು ಕಚ್ಚಿ ಬರುವ ಅಮೆರಿಕದ ಲೈಮ್ ಕಾಯಿಲೆಯ ಮೇಲೆ ಪ್ರಶ್ನೆಗಳಿದ್ದವು. ಕೆಎಫ್‌ಡಿ ಮೇಲೆ ಒಂದೂ ಇಲ್ಲ. ಅವರನ್ನ ದೂರುವ ಹಾಗಿಲ್ಲ, ಅವರಿಗೆ ಅದು ಬೇಡ. ನಮಗೆ ಬೇಕು. ಐದನೇ ಸೆಮಿಸ್ಟರಿನಲ್ಲಿ ಕಮ್ಯುನಿಟಿ ಹೆಲ್ತ್ ಬರುತ್ತದೆ, ಹಳ್ಳಿಗಳಿಗೆ ಪೋಸ್ಟಿಂಗ್ ಹಾಕುತ್ತಾರೆ. ಬೇಸಿಗೆ ಹತ್ತಿರ ಬಂದಾಗ ಜೋರು ಜ್ವರ, ತಲೆನೋವು, ಮೈಕೈ ನೋವು ಅಂತ ಯಾರಾದರೂ ಬಂದರೆ ಮೊದಲು ಕೇಳಬೇಕಾದ್ದು, ಸೊಪ್ಪಿಗೆ ಸೌದೆಗೆ ಅಂತ ಕಾಡಿಗೆ ಹೋಗಿದ್ರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಂತ. ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ, ಉಣುಗಿನಿಂದ ಬರುತ್ತದೆ ಅನ್ನೋದನ್ನ ಮನೆಯವರಿಗೆ ತಿಳಿಸಬೇಕು. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಆಶಾ ಕಾರ್ಯಕರ್ತೆ ಹೇಳುವ ರೀತಿ ಇದೆಯಲ್ಲ, ಬೈದ ಹಾಗೂ ಇರಬೇಕು, ಕೇಳುವವರಿಗೆ ಬೇಜಾರೂ ಆಗಬಾರದು, ಅದನ್ನ ಜಗಲಿ ಮೇಲೆ ಪಕ್ಕದಲ್ಲಿ ಕೂತೇ ಕಲಿಯಬೇಕು.

ವಾರ್ಡಿನದೂ ಹಾಗೇ. ಡಿಗ್ರಿ ಕೈಗೆ ಸಿಗಬೇಕಾದರೆ ಪ್ರತಿ ಕ್ಲಿನಿಕಲ್ ವಿಭಾಗದಲ್ಲೂ 100% ಹಾಜರಾತಿ ಬೇಕು ಅಂತ ಪರಿಷತ್ತಿನ ನಿಯಮವೇ ಇದೆ. ಥಿಯರಿಗೆ 80% ಸಾಕು. ಈ ವ್ಯತ್ಯಾಸದಲ್ಲೇ ವಿಷಯ ಇದೆ ಅನ್ನಿಸುತ್ತದೆ ನನಗೆ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. 500ನ್ನ 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 42 ಹನಿ. ಈ ಲೆಕ್ಕ ಆ್ಯಪಿನಲ್ಲಿ ಅವಳು ಫಟಾಫಟ್ ಮಾಡಿದಳು. ಆದರೆ ಡ್ರಿಪ್ ಚೇಂಬರಿನ ಪಕ್ಕ ವಾಚ್ ಹಿಡಿದು, ರೋಲರನ್ನ ಕೂದಲೆಳೆಯಷ್ಟು ತಿರುಗಿಸಿ, 15 ಸೆಕೆಂಡಿಗೆ ಹತ್ತೋ ಹನ್ನೊಂದೋ ಹನಿ ಬೀಳುವ ಹಾಗೆ ನಿಲ್ಲಿಸೋದು ಬೇರೆ ಕೆಲಸ. ನಿಲ್ಲಿಸಿದ್ದಾಯಿತು ಅಂತ ತಿರುಗಿದರೆ ರೋಗಿ ಕೈ ಮಡಚುತ್ತಾರೆ, ಹನಿ ನಿಲ್ಲುತ್ತದೆ. ಸೆಟ್ಟಿನ ಪ್ಯಾಕೆಟ್ ಮೇಲೆ 20 ಅಂತ ಇದೆಯೋ 15 ಅಂತ ಇದೆಯೋ ಓದಿದ್ದೀಯಾ ಅಂತ ಸಿಸ್ಟರ್ ಕೇಳುತ್ತಾರೆ. ಎರಡು ಸಲ ಹಾಗೆ ಕೇಳಿಸಿಕೊಂಡವಳು ಜನ್ಮದಲ್ಲಿ ಮರೆಯೋದಿಲ್ಲ.

ಇನ್ನು ದುಡ್ಡು ಕಟ್ಟುವ ಜಾಗದಲ್ಲಿ ನಡೆಯುವ ಆಟ. ಟ್ರಯಲ್ ಮುಗಿಯುತ್ತಿದ್ದ ಹಾಗೆ ಪರದೆ ಮೇಲೆ ಗಡಿಯಾರ ಓಡೋಕೆ ಶುರುವಾಯಿತು. ಇನ್ನು 14 ನಿಮಿಷ ಮಾತ್ರ ಈ ಬೆಲೆ ಅಂತೆ. ಹುಡುಗಿಗೆ ಎದೆ ಡವಡವ. "ಬಿಡು, ಮುಗೀಲಿ, ಆಮೇಲೆ ನೋಡೋಣ" ಅಂದೆ. ಮುಗಿಯಿತು. ಆ್ಯಪ್ ಮುಚ್ಚಿ ತೆರೆದರೆ ಮತ್ತೆ 15 ನಿಮಿಷ. ಇಂಥ ಸುಳ್ಳು ಅವಸರಕ್ಕೆ ಸರ್ಕಾರವೇ ಹೆಸರಿಟ್ಟಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನ ಪಟ್ಟಿ ಮಾಡಿ ನಿಷೇಧಿಸಿತು. ಅವಸರ ಹುಟ್ಟಿಸೋದು ಅದರಲ್ಲಿ ಒಂದು. ಸೇರೋದು ಸುಲಭ ಮಾಡಿ ಬಿಡೋದು ಕಷ್ಟ ಮಾಡೋದು ಇನ್ನೊಂದು. ಏನಾದರೂ ಹೆಚ್ಚುಕಡಿಮೆ ಆದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಟೊಪೇ ಇದ್ದರೆ ದುಡ್ಡು ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜ್ ಹೋಗೋದು ಭಾವನ ನಂಬರಿಗೆ. ಭಾವ ಮೆಸೇಜ್ ನೋಡುವವರೇ ಅಲ್ಲ. ಹಾಗಾಗಿ ಆಟೊಪೇ ಬೇಡವೇ ಬೇಡ ಅಂದೆ.

ಇನ್ನೊಂದು ನಮ್ಮ ಕಡೆಯವರು ಮಾತ್ರ ಕೇಳುವ ಪ್ರಶ್ನೆ. ಆಫ್‌ಲೈನ್ ಓಡುತ್ತಾ? ಮಳೆಗಾಲದಲ್ಲಿ ಅವಳ ಊರಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅಂಗಳ ದಾಟಿ ದರೆಯ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತದೆ, ಕೈಯಲ್ಲಿ ಛತ್ರಿ ಹಿಡಿದುಕೊಂಡು ಪ್ರಶ್ನೆ ಬಿಡಿಸೋಕಾಗಲ್ಲ. ಈ ಆ್ಯಪಿನಲ್ಲಿ ವಿಡಿಯೊ ಡೌನ್‌ಲೋಡ್ ಆಗುತ್ತಿತ್ತು, ಪ್ರಶ್ನೆಗಳು ಆಗುತ್ತಿರಲಿಲ್ಲ. ನಮಗೆ ಬೇಕಾದದ್ದು ಉಲ್ಟಾ.

ಕೊನೆಗೆ ತೀರ್ಮಾನ ಆದದ್ದು ಹೀಗೆ. ವರ್ಷದ್ದು ಬೇಡ, ವಿಡಿಯೊ ಇರೋದು ಬೇಡ. ಪ್ರಶ್ನೆಗಳದ್ದು ಮಾತ್ರ ಒಂದು ತಿಂಗಳಿಗೆ 900 ರೂಪಾಯಿ. ಅದೂ ಈಗಲ್ಲ, ಫಾರ್ಮಕಾಲಜಿ ಪಾಠ ಮುಗಿದು ಓದೋ ರಜೆ ಸಿಗುವಾಗ, ಹಾಸ್ಟೆಲಿನಲ್ಲೇ ಇದ್ದುಕೊಂಡು. ಅಲ್ಲಿಯವರೆಗೆ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆಯಬೇಕು, ವಾರಕ್ಕೊಮ್ಮೆ ನನಗೆ ತೋರಿಸಬೇಕು. ತಪ್ಪಾದ ಪ್ರತಿ ಪ್ರಶ್ನೆಗೆ ವಿವರಣೆಯನ್ನ ತನ್ನದೇ ಮಾತಲ್ಲಿ ನೋಟ್‌ಬುಕ್ಕಿಗೆ ಇಳಿಸಬೇಕು, ಯಾಕಂದರೆ ತಿಂಗಳು ಮುಗಿದ ಮೇಲೆ ಆ್ಯಪ್ ಬಾಗಿಲು ಹಾಕಿಕೊಳ್ಳುತ್ತದೆ. ನಾಲ್ಕನೇ ವರ್ಷದಲ್ಲಿ ನಾರ್ಸೆಟ್ಟಾ, ಹೊರದೇಶವಾ, ಇಲ್ಲೇ ಎಲ್ಲಾದರೂ ಕೆಲಸವಾ ಅಂತ ಅವಳಿಗೇ ಒಂದು ಅಂದಾಜು ಸಿಗುತ್ತದೆ. ದೊಡ್ಡ ದುಡ್ಡು ಹಾಕೋದಿದ್ದರೆ ಆಗ.

ಅವಳಿಗೆ ಪೂರ್ತಿ ಸಮಾಧಾನ ಆಗಿಲ್ಲ. ರೂಮ್‌ಮೇಟ್ ವರ್ಷದ್ದೇ ತೆಗೆದುಕೊಂಡಿದ್ದಾಳಂತೆ. ಭಾವನಿಗೂ ಆಗಿಲ್ಲ. ಮೊನ್ನೆ ಮತ್ತೆ ಫೋನ್ ಮಾಡಿದ್ದರು.

"ಅಲ್ಲಾ, ವರ್ಷದ್ದು ತಗೊಂಡ್ರೆ ತಿಂಗಳಿಗೆ 600 ಬೀಳುತ್ತೆ. ನೀನು 900 ಕೊಡೋದ್ರಲ್ಲಿ ಏನು ಉಳಿತಾಯ ಕಂಡೆ?"

"ಹನ್ನೆರಡು ತಿಂಗಳಲ್ಲಿ ಪೋಸ್ಟಿಂಗ್ ದಿನ ತೆಗೀರಿ ಭಾವ, ಊರಿಗೆ ಬಂದು ನೆಟ್‌ವರ್ಕ್ ಇಲ್ಲದ ದಿನ ತೆಗೀರಿ, ನಿಮ್ಮ ಕೊನೆ ಕೊಯ್ಲಿಗೆ ಅಂತ ನೀವೇ ಕರೆಸಿಕೊಳ್ಳೋ ದಿನಾನೂ ತೆಗೀರಿ. ಆಮೇಲೆ ಭಾಗಿಸಿ" ಅಂದೆ.

ಲೆಕ್ಕ ಹಾಕಿ ಹೇಳ್ತೀನಿ ಅಂದಿದ್ದಾರೆ.